ಕೌದಿ ಕಟ್ಟಿದ ಕೋಣೆಯಲ್ಲಿ ಗಿಟಾರ್: ಕಲಿಯೋದು, ರೆಕಾರ್ಡ್ ಮಾಡೋದು ಹೇಗೆ?

ಗಿಟಾರ್ ಕಲಿಯಬೇಕು, ಮನೆಯಲ್ಲೇ ನಾಲ್ಕು ಹಾಡು ರೆಕಾರ್ಡ್ ಮಾಡಬೇಕು ಅನ್ನುವ ಹುಡುಗ ಹುಡುಗಿಯರು ಈಗ ವಿಜಯಪುರದ ಓಣಿಗಳಲ್ಲೂ ಸಿಗುತ್ತಾರೆ. ಅವರು ಮೊದಲು ಕೇಳೋದು ಯಾವ ಗಿಟಾರ್ ತಗೊಳ್ಳಲಿ ಅಂತ. ಆಮೇಲೆ ಯಾವ ಮೈಕ್ ತಗೊಳ್ಳಲಿ ಅಂತ. ಯಾವ ಕೋಣೆಯಲ್ಲಿ ಕೂತು ಬಾರಿಸಲಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಆದರೆ ನಮ್ಮ ಕಡೆ ಮನೆಯ ರೆಕಾರ್ಡಿಂಗ್ ಕೆಡೋದು ಬಹುತೇಕ ಕೋಣೆಯಿಂದಲೇ. ಎಷ್ಟೇ ದುಬಾರಿ ಮೈಕ್ ತಂದರೂ ಬರೀ ಗೋಡೆಗಳ ನಡುವೆ ಇಟ್ಟರೆ ಅದು ಗೋಡೆಯ ಸದ್ದನ್ನೂ ಸೇರಿಸಿಯೇ ಹಿಡಿಯುತ್ತೆ. ಅದಕ್ಕೇ ಇಲ್ಲಿ ಸಾಮಾನಿನ ಬಗ್ಗೆ ಕಡಿಮೆ, ಕೋಣೆ ಮತ್ತು ಕಿವಿಯ ಬಗ್ಗೆ ಜಾಸ್ತಿ ಬರೆಯುತ್ತಿದ್ದೇನೆ.

ಗಿಟಾರ್ ತಗೊಳ್ಳುವಾಗ

ಶುರುವಿಗೆ ಅಕೂಸ್ಟಿಕ್ ಗಿಟಾರ್ ಸಾಕು. ಯಮಹಾ ಎಫ್280 ತರಹದ್ದು ಆಗಬಹುದು, ಬೇರೆ ಕಂಪನಿಯದೂ ಆಗಬಹುದು. ಬಣ್ಣ, ಹೊಳಪು ಬಿಡಿ. ಅಂಗಡಿಯಲ್ಲಿ ನೋಡಬೇಕಾದ್ದು ಒಂದೇ: 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ. 2ರಿಂದ 2.5 ಮಿಲಿಮೀಟರ್ ಇದ್ದರೆ ಒಳ್ಳೆಯದು. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಬೆರಳು ನೋಯುತ್ತೆ, ಶ್ರುತಿಯೂ ಏರುಪೇರಾಗುತ್ತೆ, ಎರಡೇ ವಾರಕ್ಕೆ ಗಿಟಾರ್ ಮೂಲೆ ಸೇರುತ್ತೆ. ಹಾಗೆ ಬಿಟ್ಟವರಲ್ಲಿ ಎಷ್ಟೋ ಜನರಿಗೆ ಕೈಚಳಕ ಇರಲಿಲ್ಲ ಅಂತಲ್ಲ, ಅವರ ಗಿಟಾರ್ ಸರಿ ಇರಲಿಲ್ಲ. ತಂತಿ 10 ಅಥವಾ 11ರ ಸೆಟ್ ಹಾಕಿಸಿ. ಆ ಅಂಕಿ ಅತಿ ತೆಳುವಾದ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ.

ಇನ್ನು ಹವೆ. ಗಿಟಾರಿನ ಮರಕ್ಕೆ 45ರಿಂದ 55 ಶೇಕಡಾ ತೇವಾಂಶ ಹಿತ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಗಾಳಿ ಅದಕ್ಕಿಂತ ಬಹಳ ಒಣಗುತ್ತೆ. ಮರ ಕುಗ್ಗಿ, ಫ್ರೆಟ್‌ಗಳ ತುದಿ ಹೊರಗೆ ಚಾಚಿ ಕೈಗೆ ಗೀರುತ್ತೆ, ಕೆಲವೊಮ್ಮೆ ಮುಂದಿನ ಹಲಗೆಯೇ ಸೀಳುತ್ತೆ. ಬೆಳಗಾವಿಯ ಮಳೆಗಾಲದಲ್ಲಿ ಇದರ ಉಲ್ಟಾ: ಹಲಗೆ ಉಬ್ಬಿ ತಂತಿ ಮೇಲೇಳುತ್ತೆ, ತಂತಿಗೆ ಬೇಗ ತುಕ್ಕು ಹಿಡಿಯುತ್ತೆ. ಬೇಸಿಗೆಯಲ್ಲಿ ಹಳೇ ಸೋಪಿನ ಡಬ್ಬಿಗೆ ತೂತು ಕೊರೆದು, ಒಳಗೆ ಚೆನ್ನಾಗಿ ಹಿಂಡಿದ ಹಸಿ ಸ್ಪಂಜ್ ಹಾಕಿ ಗಿಟಾರ್ ಕೇಸಿನಲ್ಲಿಡಿ. ನೀರು ತೊಟ್ಟಿಕ್ಕಬಾರದು, ಅಷ್ಟೇ. ಮಳೆಗಾಲದಲ್ಲಿ ಸ್ಪಂಜಿನ ಬದಲು ಸಿಲಿಕಾ ಜೆಲ್ ಪೊಟ್ಟಣ. ಬಾರಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸಿ. ಬೆವರೇ ತಂತಿಯ ಮೊದಲ ವೈರಿ.

ಮೊದಲ ತಿಂಗಳು

ಫೋನಿನಲ್ಲಿ ಒಂದು ಟ್ಯೂನರ್ ಆಪ್ ಹಾಕಿಕೊಳ್ಳಿ. ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಇ, ಎ, ಡಿ, ಜಿ, ಬಿ, ಇ. ದಪ್ಪ ತಂತಿ ಸುಮಾರು 82 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ತೆಳುವಾದದ್ದು ಸುಮಾರು 330. ದಿನಾ ಬಾರಿಸುವ ಮುಂಚೆ ಶ್ರುತಿ ಮಾಡಿ, ಒಂದು ದಿನವೂ ಬಿಡಬೇಡಿ.

ಮೊದಲ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಇ ಮೈನರ್. ಎರಡೇ ಬೆರಳು. ಆಮೇಲೆ ಜಿ, ಸಿ, ಡಿ. ಬೆರಳು ಫ್ರೆಟ್ ಮೇಲೆ ಅಲ್ಲ, ಅದರ ಸ್ವಲ್ಪ ಹಿಂದೆ ಇಡಿ. ಒಂದೊಂದೇ ತಂತಿ ಮೀಟಿ ನೋಡಿ, ಎಲ್ಲಾದರೂ ‘ಟಪ್’ ಅಂತ ಸತ್ತ ಸದ್ದು ಬಂದರೆ ಪಕ್ಕದ ಬೆರಳು ತಾಗುತ್ತಿದೆ ಅಂತ ಅರ್ಥ. ತಾಳದ ಟಿಕ್ ಟಿಕ್ ಕೊಡುವ ಮೆಟ್ರೊನೋಮ್ ನಿಮಿಷಕ್ಕೆ 60ಕ್ಕೆ ಇಟ್ಟು ನಾಲ್ಕು ಪೆಟ್ಟಿಗೊಂದು ಕಾರ್ಡ್ ಬದಲಿಸಿ. ಕೈ ತಪ್ಪಿದರೂ ಪೆಟ್ಟು ತಪ್ಪಬಾರದು. ಭಾನುವಾರ ಮೂರು ತಾಸು ಕೂರುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಮೇಲು, ಯಾಕೆಂದರೆ ಬೆರಳ ತುದಿ ಗಟ್ಟಿಯಾಗೋಕೂ ಟೈಮ್ ಬೇಕು, ಕೈಗೆ ರೂಢಿ ಕೂರೋಕೂ ಟೈಮ್ ಬೇಕು.

ಮತ್ತೆ ಇದನ್ನು ದಯವಿಟ್ಟು ಮಾಡಿ: ಮೊದಲ ವಾರದಿಂದಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಬಾರಿಸುವಾಗ ಗಮನವೆಲ್ಲ ಬೆರಳಿನ ಮೇಲಿರುತ್ತೆ, ಕಿವಿ ಅರ್ಧ ಮುಚ್ಚಿರುತ್ತೆ. ಕಾರ್ಡ್ ಬದಲಿಸುವಾಗ ನೀವು ತಡ ಮಾಡುತ್ತೀರಿ ಅನ್ನೋದು ರೆಕಾರ್ಡಿಂಗ್ ಕೇಳಿದಾಗಲೇ ಗೊತ್ತಾಗೋದು. ಸ್ಟುಡಿಯೋ ಎಲ್ಲ ಆಮೇಲೆ, ಕಲಿಯೋಕೆ ಬೇಕಾದ ರೆಕಾರ್ಡರ್ ಜೇಬಿನಲ್ಲೇ ಇದೆ.

‘ಕರಿ ಎರಡಕ್ಕ ಹಚ್ಚು’

ಯೂಟ್ಯೂಬ್ ಪಾಠಗಳು ಹೇಳಿಕೊಡದ ಒಂದು ವಿಷಯ ಇದು. ನಮ್ಮಲ್ಲಿ ಹಾಡುವವರು ಪೆಟ್ಟಿಗೆ, ಅಂದರೆ ಹಾರ್ಮೋನಿಯಂ ನೋಡಿ ಶ್ರುತಿ ಹೇಳುತ್ತಾರೆ. ಭಜನೆಗೆ ಕೂತಾಗ ಹಿರಿಯರು ‘ತಮ್ಮಾ, ಕರಿ ಎರಡಕ್ಕ ಹಚ್ಚು’ ಅಂದರೆ ಗಿಟಾರ್ ಹಿಡಿದ ಹುಡುಗ ಕಕ್ಕಾಬಿಕ್ಕಿ. ಲೆಕ್ಕ ಸುಲಭ ಇದೆ. ಕರಿ, ಬಿಳಿ ಅನ್ನೋದು ಪೆಟ್ಟಿಗೆಯ ಕೀಗಳ ಬಣ್ಣ. ಬಿಳಿ ಒಂದು ಅಂದರೆ ಸಿ. ಕರಿ ಒಂದು ಸಿ ಶಾರ್ಪ್. ಬಿಳಿ ಎರಡು ಡಿ, ಕರಿ ಎರಡು ಡಿ ಶಾರ್ಪ್. ಬಿಳಿ ಮೂರು ಇ, ಬಿಳಿ ನಾಲ್ಕು ಎಫ್, ಕರಿ ಮೂರು ಎಫ್ ಶಾರ್ಪ್, ಬಿಳಿ ಐದು ಜಿ, ಕರಿ ನಾಲ್ಕು ಜಿ ಶಾರ್ಪ್, ಬಿಳಿ ಆರು ಎ, ಕರಿ ಐದು ಎ ಶಾರ್ಪ್, ಬಿಳಿ ಏಳು ಬಿ.

ಈ ಶಾರ್ಪ್ ಕಾರ್ಡ್‌ಗಳನ್ನು ಹಾಗೇ ಹಿಡಿಯೋದು ಹೊಸಬರಿಗೆ ಕಷ್ಟ. ಅದಕ್ಕೆ ಕ್ಯಾಪೊ ಇದೆ. ಗಿಟಾರಿನ ಕತ್ತಿಗೆ ಹಾಕುವ ಕ್ಲಿಪ್ ಅದು, ಎಷ್ಟನೇ ಫ್ರೆಟ್‌ಗೆ ಹಾಕುತ್ತೀರೋ ಅಷ್ಟು ಅರ್ಧ ಸ್ವರ ಮೇಲೇರುತ್ತೆ. ಕರಿ ಒಂದು ಬೇಕಾ, ಒಂದನೇ ಫ್ರೆಟ್‌ಗೆ ಕ್ಯಾಪೊ ಹಾಕಿ ಸಿ ಹಿಡಿಯಿರಿ. ಕರಿ ಎರಡು ಬೇಕಾ, ಅಲ್ಲೇ ಕ್ಯಾಪೊ ಇರಲಿ, ಡಿ ಹಿಡಿಯಿರಿ. ಅಕ್ಕನೋ ತಂಗಿಯೋ ಕರಿ ನಾಲ್ಕಕ್ಕೆ ಹಾಡುತ್ತಾರೆ ಅಂದರೆ ಅದೇ ಕ್ಯಾಪೊಗೆ ಜಿ. ಕರಿ ಐದಕ್ಕೆ ಕ್ಯಾಪೊ ಮೂರನೇ ಫ್ರೆಟ್‌ಗೆ ಹೋಗಲಿ, ಹಿಡಿಯೋದು ಜಿ. ಇಷ್ಟು ಗೊತ್ತಿದ್ದರೆ ಯಾವ ಭಜನಾ ಮಂಡಳಿಯ ಜೊತೆಗಾದರೂ ಕೂರಬಹುದು.

ತತ್ವಪದ, ವಚನ, ರಾಗದ ಮೇಲೆ ನಿಂತ ಹಾಡುಗಳಿಗೆ ಕಾರ್ಡ್ ಮೇಲೆ ಕಾರ್ಡ್ ಹೇರಬೇಡಿ. ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಅಂಥ ನೆಲದ ಕೇಳುಗರಿಗೆ ರಾಗಕ್ಕೆ ಹೊಂದದ ಒಂದು ಸ್ವರ ಕಾರ್ಡಿನಲ್ಲಿ ನುಸುಳಿದರೂ ತಕ್ಷಣ ಗೊತ್ತಾಗುತ್ತೆ. ಇಂಥ ಹಾಡಿಗೆ ಗಿಟಾರಿನ ಶ್ರುತಿಯನ್ನೇ ಬದಲಿಸಿ ನೋಡಿ. ಆರನೇ ತಂತಿ, ಅಂದರೆ ಅತಿ ದಪ್ಪದ್ದು, ಇ ಇಂದ ಡಿ ಗೆ ಇಳಿಸಿ. ಎರಡನೇ ತಂತಿ ಬಿ ಇಂದ ಎ ಗೆ. ಒಂದನೇ ತಂತಿ ಇ ಇಂದ ಡಿ ಗೆ. ಈಗ ಬಿಟ್ಟ ತಂತಿಗಳು ಡಿ, ಎ, ಡಿ, ಜಿ, ಎ, ಡಿ. ಡಿ ಯನ್ನು ಸ ಅಂದುಕೊಂಡರೆ ಇದು ಸ, ಪ, ಸ, ಮ, ಪ, ಸ! ಒಂದನೇ ಫ್ರೆಟ್‌ಗೆ ಕ್ಯಾಪೊ ಹಾಕಿದರೆ ಕರಿ ಎರಡು. ಹೆಬ್ಬೆರಳಿನಿಂದ ಸ ಪ ಮೀಟುತ್ತಾ ಹೋಗಿ, ಹಾಡುವವರಿಗೆ ತಂಬೂರಿಯ ಆಸರೆ ಸಿಗುತ್ತೆ. ಮಧ್ಯಮ ಇಲ್ಲದ ರಾಗವಾದರೆ ಮೂರನೇ ತಂತಿ ಮಾತ್ರ ಮುಟ್ಟಬೇಡಿ.

ಕೋಣೆ ತಯಾರು ಮಾಡಿ

ಗೋಳಗುಮ್ಮಟದ ಮೇಲಿನ ಸುತ್ತು ಕಟ್ಟೆಯಲ್ಲಿ ನಿಂತು ಚಪ್ಪಾಳೆ ತಟ್ಟದವರು ನಮ್ಮೂರಲ್ಲಿ ಯಾರಿದ್ದಾರೆ? 1656ರಲ್ಲಿ ಮುಗಿದ ಆ ಗುಮ್ಮಟದಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ತಿರುಗಿ ಬರುತ್ತೆ, ಈ ಗೋಡೆಗೆ ಪಿಸುಗುಟ್ಟಿದ್ದು ಆ ಗೋಡೆಯವರಿಗೆ ಕೇಳುತ್ತೆ. ಗಟ್ಟಿ ಗಾರೆ, ಸದ್ದನ್ನು ಹೀರುವ ವಸ್ತು ಏನೂ ಇಲ್ಲ, ಹಾಗಾಗಿ ದನಿ ಸಾಯೋದೇ ಇಲ್ಲ. ಸಣ್ಣ ಪ್ರಮಾಣದಲ್ಲಿ ನಿಮ್ಮ ಕೋಣೆಯಲ್ಲೂ ಇದೇ ನಡೆಯುತ್ತೆ. ಕೆಳಗೆ ಪರಸಿ ಕಲ್ಲು, ಸುತ್ತ ಸಿಮೆಂಟ್ ಗಿಲಾವು, ಮೇಲೆ ಆರ್‌ಸಿಸಿ. ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಕೊನೆಯಲ್ಲಿ ‘ಝಿಂಗ್’ ಅಂತ ಒಂದು ಎಳೆ ಕೇಳಿದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಪುಟಿಯುತ್ತಿದೆ. ಅದು ರೆಕಾರ್ಡಿಂಗ್‌ನಲ್ಲಿ ಕೂತರೆ ಯಾವ ಸಾಫ್ಟ್‌ವೇರಿನಿಂದಲೂ ಪೂರ್ತಿ ತೆಗೆಯೋಕೆ ಆಗಲ್ಲ. ಒಣ ದನಿಗೆ ಆಮೇಲೆ ಎಷ್ಟು ಬೇಕಾದರೂ ಗುಂಗು ಸೇರಿಸಬಹುದು, ಸೇರಿಹೋದದ್ದನ್ನು ತೆಗೆಯೋದೇ ಕಷ್ಟ.

ಇದಕ್ಕೆ ಮದ್ದು ನಮ್ಮ ಮನೆಯ ಗಂಟಿನಲ್ಲೇ ಇದೆ, ಕೌದಿ. ಹಳೇ ಸೀರೆ, ಧೋತರ ಪದರ ಪದರವಾಗಿ ಹಾಕಿ, ಒತ್ತೊತ್ತಾಗಿ ದಾರ ಹೊಲಿದ, ಅಂಚಿಗೆ ಇಳಕಲ್ ಸೀರೆಯ ತುಂಡು ಕೂಡಿಸಿದ ಆ ಭಾರದ ಕೌದಿ ಸದ್ದು ಹೀರೋದರಲ್ಲಿ ಅಂಗಡಿಯ ತೆಳು ಫೋಮ್‌ಗಿಂತ ನನಗೆ ಹೆಚ್ಚು ಇಷ್ಟ. ಎರಡು ಗೋಡೆಯ ನಡುವೆ ಹಗ್ಗ ಕಟ್ಟಿ ಅದರ ಮೇಲೆ ಕೌದಿ ಇಳಿಬಿಡಿ. ಗೋಡೆಗೆ ಅಂಟಿಸಬೇಡಿ. ಅರ್ಧ ಗೇಣು ಸಂದು ಬಿಟ್ಟರೆ ಇನ್ನೂ ಕೆಳಗಿನ ಸ್ವರಗಳನ್ನೂ ಹೀರುತ್ತೆ.

ಎಲ್ಲಿ ಕಟ್ಟಬೇಕು ಅನ್ನೋದರಲ್ಲಿ ಬಹಳ ಜನ ಎಡವುತ್ತಾರೆ. ಮೈಕಿನ ಹಿಂದೆ ಕಟ್ಟುತ್ತಾರೆ. ಕಾರ್ಡಿಯಾಯ್ಡ್, ಅಂದರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕ್, ಹಿಂದಿನ ಸದ್ದನ್ನು ಹೇಗೂ ಕಡಿಮೆ ಹಿಡಿಯುತ್ತೆ, ಅದು ನೋಡೋದು ನಿಮ್ಮನ್ನು ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಹಾಗಾಗಿ ಇದ್ದುದರಲ್ಲಿ ದಪ್ಪ ಕೌದಿ ನಿಮ್ಮ ಬೆನ್ನ ಹಿಂದೆ ಇರಲಿ, ಎರಡನೆಯದು ಪಕ್ಕದ ಗೋಡೆಗೆ. ಕಾಲಡಿ ಜಮಖಾನೆ ಹಾಸಿ. ಮೂಲೆಯಲ್ಲಿ ಗಾದಿ ಸುತ್ತಿ ನಿಲ್ಲಿಸಿ. ಕೋಣೆಯ ನಟ್ಟನಡುವೆಯೂ ಬೇಡ, ಮೂಲೆಗೆ ಆತುಕೊಂಡೂ ಕೂರೋದು ಬೇಡ. ಮತ್ತೆ ಚಪ್ಪಾಳೆ ತಟ್ಟಿ ನೋಡಿ. ತತ್ತಿ ಟ್ರೇ ಮಾತ್ರ ಗೋಡೆಗೆ ಅಂಟಿಸಬೇಡಿ, ಆ ರಟ್ಟು ಹೀರೋದು ತೀರಾ ಕಡಿಮೆ, ಬೆಂಕಿ ತಾಗಿದರೆ ಧಗ್ ಅಂತ ಹತ್ತಿಕೊಳ್ಳುತ್ತೆ.

ಫ್ಯಾನ್ ಬಂದ್ ಮಾಡಲೇಬೇಕು. ಬೇಸಿಗೆಯಲ್ಲಿ ಇದು ಶಿಕ್ಷೆಯೇ, ಹಾಗಾಗಿ ಬೆಳಗಿನ ಜಾವ ಆರಿಸಿಕೊಳ್ಳಿ. ನಿಮ್ಮ ಓಣಿಯಲ್ಲಿ ಗುಡಿ, ಮಸೀದಿಯ ಮೈಕ್ ಯಾವಾಗ, ಹಾಲಿನ ಗಾಡಿ ಯಾವಾಗ, ನೀರು ಬಿಟ್ಟಾಗ ಮೋಟರ್ ಯಾವಾಗ ಅನ್ನೋದು ನಿಮಗೇ ಗೊತ್ತಿರುತ್ತೆ, ಅದರ ನಡುವಿನ ಸಮಯ ಹಿಡಿಯಿರಿ.

ಸಾಮಾನು

ಫೋನಿನಿಂದ ಮುಂದೆ ಹೋಗಬೇಕು ಅನಿಸಿದಾಗ ಬೇಕಾಗೋದು ಆಡಿಯೋ ಇಂಟರ್‌ಫೇಸ್ (ಮೈಕಿನ ಸದ್ದನ್ನು ಕಂಪ್ಯೂಟರ್‌ಗೆ ತಲುಪಿಸುವ ಡಬ್ಬಿ), ಒಂದು ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ತರಹದ ಸಣ್ಣ ಇಂಟರ್‌ಫೇಸ್ ಒಬ್ಬರಿಗೆ ಸಾಕು. ಕಂಡೆನ್ಸರ್ ಮೈಕ್ ಆದರೆ 48 ವೋಲ್ಟ್ ಗುಂಡಿ ಒತ್ತಬೇಕು, ಇಲ್ಲವಾದರೆ ಸದ್ದೇ ಬರಲ್ಲ. ಗಿಟಾರಿನ ಸಣ್ಣ ಸಣ್ಣ ಎಳೆ ಚೆನ್ನಾಗಿ ಹಿಡಿಯೋದು ಕಂಡೆನ್ಸರ್. ಆದರೆ ಮನೆ ರಸ್ತೆಗೆ ಅಂಟಿಕೊಂಡಿದ್ದರೆ ಅಷ್ಟು ಸೂಕ್ಷ್ಮವಲ್ಲದ ಡೈನಾಮಿಕ್ ಮೈಕ್ ಹತ್ತಿರ ಇಟ್ಟು ಹಾಡೋದೇ ಜಾಣತನ. ಶೂರ್ ಎಸ್‌ಎಂ57 ಅನ್ನುವ ಡೈನಾಮಿಕ್ ಮೈಕ್ 1965ರಿಂದ ಇದೆ, ಇವತ್ತಿಗೂ ಸ್ಟುಡಿಯೋಗಳಲ್ಲಿ ಕೆಲಸ ಮಾಡುತ್ತಿದೆ. ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ ಈಗಲೇ. ಆಡಾಸಿಟಿ ಉಚಿತ, ಬ್ಯಾಂಡ್‌ಲ್ಯಾಬ್ ಫೋನಿನಲ್ಲೂ ನಡೆಯುತ್ತೆ, ರೀಪರ್ 60 ದಿನ ಬಿಟ್ಟಿಯಾಗಿ ಪೂರ್ತಿ ಬಳಸಿ ನೋಡಬಹುದು.

ಈಗ ರೆಕಾರ್ಡಿಂಗ್

ಸಾಫ್ಟ್‌ವೇರಿನಲ್ಲಿ ರೆಕಾರ್ಡಿಂಗ್ ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್ ಇಡಿ. ವಿಂಡೋಸ್ ಆದರೆ ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ ಡ್ರೈವರ್ (ಸದ್ದು ತಡವಿಲ್ಲದೆ ಸಾಗಿಸುವ ಸಣ್ಣ ಸಾಫ್ಟ್‌ವೇರ್) ಹಾಕಿ, ಇಲ್ಲವಾದರೆ ನೀವು ಬಾರಿಸಿದ್ದು ಹೆಡ್‌ಫೋನಿನಲ್ಲಿ ತಡವಾಗಿ ಬರುತ್ತೆ. ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಸದ್ದಿನ ಅಳತೆ, 128ಕ್ಕೆ ಇಡಿ, ಚಟಪಟ ಸದ್ದು ಬಂದರೆ 256. ಇಂಟರ್‌ಫೇಸಿನಲ್ಲಿ ಬಾರಿಸಿದ್ದನ್ನು ನೇರ ಹೆಡ್‌ಫೋನಿಗೆ ಕಳಿಸುವ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಈ ತಲೆನೋವೇ ಇಲ್ಲ.

ಮೈಕ್ ಇಡೋದು ಗಿಟಾರಿನ ತೂತಿನ ಎದುರು ಅಲ್ಲ. ಅಲ್ಲಿಂದ ಬರೀ ‘ಬುಂ’ ಬರುತ್ತೆ. 12ನೇ ಫ್ರೆಟ್ ಎದುರಿಗೆ, ಒಂದು ಗೇಣು ದೂರ, ಮುಖ ಸ್ವಲ್ಪ ಕತ್ತು ಮತ್ತು ಹೊಟ್ಟೆ ಸೇರುವ ಕಡೆಗೆ. ಇಲ್ಲಿಂದ ಎರಡು ಬೆರಳು ಆಚೆ, ಎರಡು ಬೆರಳು ಈಚೆ ಸರಿಸಿ, ಒಂದೊಂದು ಜಾಗಕ್ಕೂ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಕೇಳಿ. ಇದಕ್ಕೆ ಅರ್ಧ ತಾಸು ಹೋದರೂ ಹೋಗಲಿ. ಆಮೇಲೆ ಮೇಲಿನ, ಕೆಳಗಿನ ಸ್ವರ ಏರಿಳಿಸುವ ಈಕ್ವಲೈಜರ್‌ನಲ್ಲಿ ಒದ್ದಾಡೋದು ತಪ್ಪುತ್ತೆ.

ಹಾಡಿನಲ್ಲಿ ಅತಿ ಜೋರಾಗಿ ಬರುವ ಕಡೆ ಬಾರಿಸಿ, ಸಾಫ್ಟ್‌ವೇರಿನ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲುವಂತೆ ಇಂಟರ್‌ಫೇಸಿನ ಗೇನ್ ಗುಂಡಿ ತಿರುಗಿಸಿ. ಸೊನ್ನೆ ಮುಟ್ಟಿದರೆ ಸದ್ದು ಒಡೆಯುತ್ತೆ, ಒಡೆದದ್ದು ಸರಿಹೋಗಲ್ಲ. ಗುಯ್ ಅನ್ನುವ ಸದ್ದು ಬರುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಇದ್ದಾಗಲೂ ಹಾಗೇ.

ಮೊದಲು ಕ್ಲಿಕ್, ಅಂದರೆ ಮೆಟ್ರೊನೋಮ್ ಸದ್ದು, ಇಟ್ಟುಕೊಂಡು ಒರಟಾಗಿ ಹಾಡಿ, ಗಿಟಾರ್ ಸಮೇತ ಒಂದು ಕಚ್ಚಾ ಟ್ರ್ಯಾಕ್ ಮಾಡಿ. ಅದನ್ನು ಕೇಳುತ್ತಾ ಗಿಟಾರ್ ಮಾತ್ರ ರೆಕಾರ್ಡ್ ಮಾಡಿ. ಅದೇ ಗಿಟಾರ್ ಇನ್ನೊಮ್ಮೆ ಬಾರಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿದರೆ ಹಾಡು ಅಗಲವಾಗುತ್ತೆ. ಕಾಪಿ ಪೇಸ್ಟ್ ಮಾಡಿದರೆ ಹಾಗೆ ಆಗಲ್ಲ, ಎರಡು ಸಲದ ಸಣ್ಣ ಸಣ್ಣ ವ್ಯತ್ಯಾಸದಿಂದಲೇ ಆ ಅಗಲ ಬರೋದು. ಕೊನೆಗೆ ದನಿ. ಬಾಯಿ ಮತ್ತು ಮೈಕ್ ನಡುವೆ ಪಾಪ್ ಫಿಲ್ಟರ್ ಇರಲಿ, ಪ, ಬ ಅನ್ನುವಾಗ ಬಡಿಯುವ ಗಾಳಿ ತಡೆಯೋಕೆ.

ಮಿಕ್ಸಿಂಗ್, ಅಂದರೆ ಟ್ರ್ಯಾಕ್‌ಗಳನ್ನು ಹೊಂದಿಸಿ ಕೂಡಿಸೋದು, ಮೊದಮೊದಲಿಗೆ ಸ್ವಲ್ಪವೇ ಮಾಡಿ. ದನಿಯಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದು ಕತ್ತರಿಸಿ. ಗಿಟಾರಿನಲ್ಲಿ ಹುಷಾರ್, ಆರನೇ ತಂತಿ ಡಿ ಗೆ ಇಳಿಸಿದ್ದರೆ ಅದು 73 ಹರ್ಟ್ಸ್ ಆಸುಪಾಸು ಇರುತ್ತೆ, 60ಕ್ಕೆ ನಿಲ್ಲಿಸಿ. ರಿವರ್ಬ್, ಅಂದರೆ ಗುಂಗು, ದನಿಗೆ ಸ್ವಲ್ಪ ಜಾಸ್ತಿ, ಗಿಟಾರಿಗೆ ಕಡಿಮೆ. ಬಂದ್ ಮಾಡಿದಾಗ ಮಾತ್ರ ‘ಇತ್ತಲ್ಲ’ ಅನಿಸುವಷ್ಟು ಸಾಕು.

ಮುಗಿದ ಮೇಲೆ ಫೋನಿನ ಸ್ಪೀಕರಿನಲ್ಲಿ ಒಮ್ಮೆ, ಯಾರದಾದರೂ ಕಾರಿನಲ್ಲಿ ಒಮ್ಮೆ ಕೇಳಿ. ಹಾಡಿನ ಮಾತು ಎರಡರಲ್ಲೂ ತಿಳಿಯಬೇಕು. ವೇವ್ ಫೈಲ್ ಪೆನ್‌ಡ್ರೈವ್‌ಗೂ ಹಾಕಿಡಿ. ಗೆಳೆಯರಿಗೆ 320ರ ಎಂಪಿ3 ಮಾಡಿ ಕಳಿಸಿ, ವಾಟ್ಸಾಪಿನಲ್ಲಾದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ.