ಚರ್ಮದ ಕ್ಯಾನ್ಸರ್ ತೆಗೆದ ಮೇಲೆ ಗಾಯ ಮುಚ್ಚುವ ಬಗೆ: ನನ್ನ ಅನುಭವ

ಗಾಯ ಎಷ್ಟು ದೊಡ್ಡದು ಎಂಬುದಕ್ಕಿಂತ ಮೊದಲು ಅಂಚಿನ ರಿಪೋರ್ಟ್ (ತೆಗೆದ ತುಂಡಿನ ಅಂಚಿನಲ್ಲಿ ರೋಗ ಇದೆಯೇ ಎಂಬ ಲ್ಯಾಬ್ ವರದಿ) ಏನು ಹೇಳುತ್ತದೆ ಎಂದು ನೋಡುತ್ತೇನೆ. ಸಾಮಾನ್ಯ ಬೇಸಲ್ ಸೆಲ್ ಗಡ್ಡೆಗೆ (ಮೇಲ್ಪದರದ ತಳದ ಕೋಶಗಳ ಕ್ಯಾನ್ಸರ್) ಸುತ್ತ 4 ಮಿ.ಮೀ. ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯುವುದು, ಮೇಲ್ಪದರದ ಚಪ್ಪಟೆ ಕೋಶಗಳ ಕ್ಯಾನ್ಸರ್ ಆದ ಸ್ಕ್ವಾಮಸ್‌ಗೆ 4ರಿಂದ 6, ಅಪಾಯ ಹೆಚ್ಚಿದ್ದರೆ ಇನ್ನೂ ಅಗಲಕ್ಕೆ. ಅಂಚಿನಲ್ಲಿ ರೋಗ ಉಳಿದಿರುವಾಗಲೇ ಫ್ಲಾಪ್ (ರಕ್ತದ ಹರಿವು ಉಳಿಸಿಕೊಂಡೇ ಸರಿಸುವ ಚರ್ಮ) ತಿರುಗಿಸಿ ಹೊಲಿದರೆ, ಉಳಿದದ್ದು ಎಲ್ಲಿ ಹೋಯಿತೆಂದು ಆಮೇಲೆ ಹುಡುಕುವುದೇ ಕಷ್ಟ. ಅನುಮಾನವಿದ್ದರೆ ವ್ಯಾಸಲಿನ್ ಗಾಜ್ ಇಟ್ಟು ಕಟ್ಟಿ, ರಿಪೋರ್ಟ್ ಬಂದ ಮೇಲೆ ಮುಚ್ಚುತ್ತೇನೆ. ಮನೆಯವರಿಗೆ ಇದು ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಾಣುತ್ತದೆ, ಮೊದಲೇ ಹೇಳಿಡಬೇಕು.

ಸಣ್ಣದಕ್ಕೆ ನೇರ ಹೊಲಿಗೆ: ಅಗಲದ ಮೂರು ಪಟ್ಟು ಉದ್ದ, ಸುಕ್ಕಿನ ಗೆರೆಯ ದಿಕ್ಕಿಗೇ. ಎಳೆತವನ್ನು ಒಳಗಿನ ಕರಗುವ ದಾರ ಹೊರಬೇಕು. ಮುಖದ ಹೊಲಿಗೆ 5–7 ದಿನಕ್ಕೆ, ಕಾಲಿನದ್ದು ಎರಡು ವಾರಕ್ಕೆ ಬಿಚ್ಚುತ್ತೇವೆ. ಕೆಳರೆಪ್ಪೆಯ ಬಳಿ ಮಾತ್ರ ಸುಕ್ಕಿನ ಗೆರೆ ನೋಡುವುದಿಲ್ಲ. ಎಳೆತ ಅಡ್ಡಕ್ಕೆ ಹೋಗಬೇಕು. ಕೆಳಕ್ಕೆ ಹೋದರೆ ರೆಪ್ಪೆ ಹೊರಳಿ ಕಣ್ಣಲ್ಲಿ ಸದಾ ನೀರು.

ಕಣ್ಣಿನ ಒಳಮೂಲೆ, ಕಿವಿಯ ಗುಳಿ ಇಂಥ ತಗ್ಗು ಜಾಗದ ಗಾಯಕ್ಕೆ ಹೊಲಿಗೆಯೇ ಬೇಡ, ತಾನಾಗಿ ಚೆನ್ನಾಗಿ ತುಂಬುತ್ತದೆ. ದಿನಾ ತೊಳೆದು ವ್ಯಾಸಲಿನ್ ಹಚ್ಚಿ ಮುಚ್ಚಿಡಬೇಕು. ಒಣಗಿ ಹಕ್ಕಳೆ ಕಟ್ಟಿದರೆ ಮಾಯುವುದು ತಡ. ಅರಶಿನ, ಸೊಪ್ಪಿನ ರಸ ಖಂಡಿತ ಬೇಡ.

ಮೂಗಿನ ತುದಿಗೆ ಪಕ್ಕದ ಚರ್ಮದ ಫ್ಲಾಪ್ ಆದರೆ ಬಣ್ಣ ಹೊಂದುತ್ತದೆ. ಅದಾಗದಿದ್ದರೆ ಕಿವಿಯ ಹಿಂದಿನ ಪೂರ್ಣ ದಪ್ಪದ ಗ್ರಾಫ್ಟ್ (ಪೂರ್ತಿ ಬಿಡಿಸಿ ತಂದು ಕೂರಿಸುವ ಚರ್ಮದ ತುಂಡು). ಅದರ ಅಡಿಯ ಹಳದಿ ಕೊಬ್ಬನ್ನು ಪೂರ್ತಿ ಕತ್ತರಿಸಬೇಕು. ಮೊದಲೆರಡು ದಿನ ಗ್ರಾಫ್ಟ್ ಬದುಕುವುದು ಗಾಯದ ನೀರು ಹೀರಿಕೊಂಡೇ. ಅಡಿಯಲ್ಲಿ ರಕ್ತ ನಿಂತರೆ, ಜಾಗ ಸರಿದರೆ ಹೋಯಿತು. ಆದ್ದರಿಂದ ಗಾಜ್ ಉಂಡೆ ಇಟ್ಟು ಬಿಗಿದು ಕಟ್ಟಿ, 5–7 ದಿನ ಬಿಚ್ಚುವುದಿಲ್ಲ. ಬಿಚ್ಚಿದಾಗ ಮೇಲ್ಪದರ ಕಪ್ಪಾಗಿದ್ದರೆ ಕೆರೆಯಬಾರದು, ಅಡಿಯಲ್ಲಿ ಜೀವವಿರಬಹುದು. ಬೀಡಿ ಬಿಡದವರಲ್ಲಿ ಗ್ರಾಫ್ಟ್ ಜಾಸ್ತಿ ಕೆಡುತ್ತದೆ.

ಕಾಲಿನ ಹಳೆಯ ಸುಟ್ಟ ಕಲೆಯ ಮೇಲೆ ಬಂದ ಕ್ಯಾನ್ಸರ್‌ಗೆ ಹೆಚ್ಚಾಗಿ ತೊಡೆಯ ತೆಳು ಗ್ರಾಫ್ಟ್. ಪೊರೆ ಹೋದ ಬರಿ ಎಲುಬಿನ ಮೇಲೆ ಅದು ಹಿಡಿಯದು, ಅಲ್ಲಿ ಫ್ಲಾಪೇ ಬೇಕು. ಕಾಸರಗೋಡಿನ ಅಡಿಕೆ ಕೃಷಿಕರಿಗೆ ನಾನು ಹೇಳುವುದಿಷ್ಟು: ಮೊದಲ ವಾರ ಕಾಲು ದಿಂಬಿನ ಮೇಲಿರಲಿ, ಇಳಿಬಿಟ್ಟರೆ ಗ್ರಾಫ್ಟಿನಡಿ ರಕ್ತ ತುಂಬುತ್ತದೆ. ಪೂರ್ತಿ ಮಾಯುವ ತನಕ ತೋಟದ ಕೆಸರಿಗೆ ಇಳಿಯುವುದು ಬೇಡ. ಮಳೆಗಾಲವಾದರೆ ಒದ್ದೆಯಾದ ಪಟ್ಟಿಯನ್ನು ಅಂದೇ ಬದಲಿಸಿ.