"ಅವ್ವಗ ಸ್ಟೆಮ್ ಸೆಲ್ ಹಾಕಿಸೋಣೇನ್ರಿ?"

ವಿಜಯಪುರದಲ್ಲಿ ಮನೆಮನೆಗೆ ಹೋಗಿ ಫಿಜಿಯೋಥೆರಪಿ ಮಾಡುವುದು ನನ್ನ ಕೆಲಸ. ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಜನ ಹಾಗೇ ಕರೆಯುತ್ತಾರೆ, ಡಾಕ್ಟರಿಗೆ ಕೇಳಬೇಕಾದ್ದನ್ನೂ ನನಗೇ ಕೇಳುತ್ತಾರೆ. ಈ ಸಲ ಕೇಳಿದವನು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ. "ಸರ, ಅವ್ವಗ ಸ್ಟೆಮ್ ಸೆಲ್ ಹಾಕಿಸೋಣೇನ್ರಿ? ಒಂದೆಕರೆ ಕೊಟ್ರ ಆತು."

ಅವ್ವನ ಕಾಯಿಲೆ ಮೊದಲು ಕಂಡದ್ದು ರೊಟ್ಟಿಯಲ್ಲಿ. ನಲವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಬಲಗೈ ನಿಧಾನವಾಗುತ್ತ ಬಂದ ಹಾಗೆ ರೊಟ್ಟಿ ಕೈಯಡಿ ಸರಿಯಾಗಿ ತಿರುಗದೆ ಒಂದು ಅಂಚು ದಪ್ಪ ಉಳಿಯುತ್ತಿತ್ತು, ಇನ್ನೊಂದು ಕಡೆ ಹರಿಯುತ್ತಿತ್ತು. ಹಿಟ್ಟು ಹಳೇದು, ಜಿಗುಟಿಲ್ಲ ಅಂತ ಮನೆಯವರು ಜೋಳ ಬದಲಿಸಿದರು. ಕೈ ನಡುಗತೊಡಗಿದ ಮೇಲೆ ಸೋಲಾಪುರಕ್ಕೆ ಕರೆದೊಯ್ದರು. ನರರೋಗ ತಜ್ಞರು ಪಾರ್ಕಿನ್ಸನ್ಸ್ ಅಂದರು. ಕೈಕಾಲಿನ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಕಣಗಳು (ಜೀವಕೋಶಗಳು) ಸಾಯುತ್ತ ಹೋಗುವ ಕಾಯಿಲೆ. ನಡುಕ ಕಾಣುವ ಹೊತ್ತಿಗೆ ಬಹಳಷ್ಟು ಕಣ ಹೋಗಿರುತ್ತವೆ. ಲೆವೊಡೋಪ ಗುಳಿಗೆ ಡೋಪಮಿನ್ ಕೊರತೆ ತುಂಬುತ್ತದೆ, ಕಣ ಸಾಯುವುದನ್ನು ನಿಲ್ಲಿಸುವುದಿಲ್ಲ. ಸ್ಟೆಮ್ ಸೆಲ್ ಎಂದರೆ ಬೇರೆ ಬೇರೆ ಬಗೆಯ ಕಣವಾಗಿ ಬೆಳೆಯಬಲ್ಲ ಮೂಲಕಣ. ಹೀಗಿರುವಾಗ ಸತ್ತ ಕಣದ ಜಾಗಕ್ಕೆ ಹೊಸ ಕಣ ಎಂದರೆ ಯಾರ ಕಿವಿ ನಿಮಿರುವುದಿಲ್ಲ?

ನನಗೆ ಇದರಲ್ಲಿ ಹಳೆಯ ತಪ್ಪೊಂದಿದೆ. ಕೆಲವು ವರ್ಷಗಳ ಹಿಂದೆ ನಿವೃತ್ತ ಮಾಸ್ತರರೊಬ್ಬರ ಮಗ ಇದನ್ನೇ ಕೇಳಿದಾಗ, "ನೋಡ್ರಿ, ಲುಕ್ಸಾನ ಏನಿಲ್ಲಲ್ಲ" ಅಂದುಬಿಟ್ಟಿದ್ದೆ. ದೊಡ್ಡ ಊರಿನ ಯಾವುದೋ ಕ್ಲಿನಿಕ್ಕಿನಲ್ಲಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಬೆನ್ನುಹುರಿಯ ಹತ್ತಿರ ಚುಚ್ಚಿ ಕಳಿಸಿದರು. ಮೂರು ಲಕ್ಷ. ಮಾಸ್ತರರ ನಡುಕ ಹಾಗೇ ಇತ್ತು. ವಾರಕ್ಕೆರಡು ಸಲ ಅವರ ಮನೆ ಮೆಟ್ಟಿಲು ಹತ್ತುವಾಗ ಆ ಮಾತು ನನ್ನ ಬೆನ್ನಿಗೇ ಇರುತ್ತಿತ್ತು. ಆಮೇಲೆ ಓದಲು ಕೂತೆ.

ಓದಿ ತಿಳಿದದ್ದು ಇಷ್ಟು. ಸಂಶೋಧನೆ ಸುಳ್ಳಲ್ಲ. ಪ್ರೌಢ ಕಣವನ್ನು ಮತ್ತೆ ಮೂಲಕಣದ ಸ್ಥಿತಿಗೆ ತಿರುಗಿಸುವುದನ್ನು ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಕಣಗಳಲ್ಲಿ ತೋರಿಸಿದರು, 2012ರಲ್ಲಿ ನೊಬೆಲ್ ಬಂತು. ಅಂಥ ಕಣಗಳಿಂದ ಡೋಪಮಿನ್ ಕಣಗಳ ಪೂರ್ವರೂಪ ಬೆಳೆಸಿ ಕ್ಯೋಟೊದಲ್ಲಿ ಏಳು ರೋಗಿಗಳ ಮಿದುಳಿಗೆ ಹಾಕಿದರು. 2025ರಲ್ಲಿ ಬಂದ ವರದಿಯ ಪ್ರಕಾರ ಎರಡು ವರ್ಷ ನೋಡಿದರೂ ಗಂಭೀರ ತೊಂದರೆ ಆಗಿರಲಿಲ್ಲ. ಫಲ ಅಳೆದ ಆರು ಜನರಲ್ಲಿ ನಾಲ್ವರ ಚಲನೆ, ಗುಳಿಗೆಯ ಪ್ರಭಾವ ಇಳಿದ ಹೊತ್ತಿನಲ್ಲೂ, ಮೊದಲಿಗಿಂತ ಸುಧಾರಿಸಿತ್ತು. ಆದರೆ ಅದು ತಲೆಬುರುಡೆಗೆ ತೂತು ಕೊರೆದು, ನಿಖರ ಜಾಗಕ್ಕೆ ಸೂಜಿ ಇಳಿಸಿ, ದೇಹ ಆ ಕಣಗಳನ್ನು ತಳ್ಳಿಹಾಕದಂತೆ ವರ್ಷಕ್ಕೂ ಮೇಲೆ ಔಷಧ ಕೊಟ್ಟು ಮಾಡಿದ ಕೆಲಸ. ಬೆನ್ನಿಗೆ ಚುಚ್ಚುವ ಮಜ್ಜೆಗೂ ಇದಕ್ಕೂ ಹೆಸರೊಂದೇ ಸಂಬಂಧ.

ಹಾಗಾಗಿ ಈ ಸಲ ಮಗನನ್ನು ಎದುರಿಗೆ ಕೂರಿಸಿಕೊಂಡು, ಸ್ಪೀಕರ್ ಹಾಕಿ, ಅವನು ಹೇಳಿದ ಕ್ಲಿನಿಕ್ಕಿಗೆ ನಾನೇ ಫೋನ್ ಮಾಡಿದೆ. ಸಿಟಿಆರ್‌ಐ ನೋಂದಣಿ ಸಂಖ್ಯೆ ಕೊಡಿ ಅಂದೆ; ರೋಗಿಗಳ ಮೇಲೆ ಮಾಡುವ ಪ್ರಯೋಗಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿ ಅದು. "ಎಲ್ಲಾ ಪರ್ಮಿಷನ್ ಇದೆ ಸರ್." ಸಂಖ್ಯೆ ಮಾತ್ರ ಬರಲಿಲ್ಲ. ವೈದ್ಯಕೀಯ ಸಂಶೋಧನೆಯ ಕೇಂದ್ರ ಸರ್ಕಾರಿ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಇಂಥ ಕಾಯಿಲೆಗೆ ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಪ್ರಯೋಗದಲ್ಲಷ್ಟೇ, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ, ಮತ್ತೆ ನೀವ್ಯಾಕೆ ಕೇಳುತ್ತೀರಿ ಅಂದೆ. ಕೊನೆಗೆ ಯಾವ ಕಣ, ಎಲ್ಲಿಗೆ ಹಾಕುತ್ತೀರಿ ಅಂತ. "ನಿಮ್ಮದೇ ಕಣ ಸರ್, ಸೈಡ್ ಎಫೆಕ್ಟೇ ಇಲ್ಲ. ಈ ವಾರ ಬುಕ್ ಮಾಡಿದ್ರೆ ಡಿಸ್ಕೌಂಟ್ ಇದೆ."

ಮಗ ನಕ್ಕುಬಿಟ್ಟ. "ಮಳಿ ಬರೂಕಿಂತ ಮೊದ್ಲ ಮಾಲ ಖಾಲಿ ಮಾಡಾಕ ನಾವೂ ಹಿಂಗ ಹೇಳ್ತೀವ್ರಿ."

ಅವ್ವನ ಕಡೆ ತಿರುಗಿದಾಗ ನಿಜವಾದ ತೊಡಕು ತಾಟಿನಲ್ಲಿ ಕಂಡಿತು. ಗುಳಿಗೆಯನ್ನು ರೊಟ್ಟಿ, ಮಡಕಿ ಪಲ್ಯ, ಶೇಂಗಾ ಹಿಂಡಿ, ಮೊಸರಿನ ನಡುವೆಯೇ ನುಂಗುತ್ತಿದ್ದಳು. ಪ್ರೋಟೀನು ಲೆವೊಡೋಪಕ್ಕೆ ಅಡ್ಡ ಬರುತ್ತದೆ, ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ. ಸೋಲಾಪುರದ ಡಾಕ್ಟರಿಗೆ ಫೋನ್ ಹಚ್ಚಿ ಕೇಳಿ, ಊಟಕ್ಕೆ ಮುಕ್ಕಾಲು ತಾಸು ಮೊದಲು ಗುಳಿಗೆ ಎಂದು ಗೊತ್ತುಮಾಡಿದೆವು. ಡೋಸು ನಾನು ಮುಟ್ಟಲಿಲ್ಲ, ಅದು ನನ್ನ ಕೆಲಸವಲ್ಲ. ಒಣದ್ರಾಕ್ಷಿ ಲೆಕ್ಕದ ವಹಿಯ ಹಿಂದಿನ ಹಾಳೆಯಲ್ಲಿ ಸೊಸೆ ಗುಳಿಗೆಯ ಹೊತ್ತು, ಕೈ ಸಡಿಲಾದ ಹೊತ್ತು, ಮತ್ತೆ ಬಿಗಿದ ಹೊತ್ತು ಬರೆದಿಟ್ಟಳು. ಎರಡನೇ ವಾರದಲ್ಲಿ ಮಧ್ಯಾಹ್ನದ ಬಿಗಿತ ಕಡಿಮೆಯಾದದ್ದು ಆ ಹಾಳೆಯಲ್ಲೇ ಕಾಣುತ್ತಿತ್ತು.

ಇನ್ನೊಂದು ಕಾಟ ಹೊಸ್ತಿಲು. ಅಲ್ಲಿ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿದ್ದಳು. ಪಡಸಾಲೆಯಲ್ಲಿ ಮಾತ್ರ ಹೇಗೋ ನಡೆಯುತ್ತಿದ್ದಳು. ನೋಡಿದರೆ ಅಲ್ಲಿ ಶಹಾಬಾದ್ ಫರಸಿ, ಎರಡೆರಡು ಅಡಿಗೆ ಒಂದು ಸಂದು. ಕಣ್ಣಿಗೆ ಗೆರೆ ಸಿಕ್ಕರೆ ಇಂಥವರ ಕಾಲು ಏಳುತ್ತದೆ. ಹೊಸ್ತಿಲಿನ ಆಚೀಚೆ ಬರೀ ಸಿಮೆಂಟು ಇತ್ತು. ಸುಣ್ಣದಿಂದ ಅಡ್ಡಗೆರೆ ಎಳೆದು "ಗೆರಿ ದಾಟಬೇ ಯವ್ವಾ" ಅಂದೆ. ಮೊದಲನೇ ದಿನವೇ ದಾಟಿದಳು. ಈಗ ಸೊಸೆ ದಿನಾ ರಂಗೋಲಿ ಹಿಟ್ಟಿನಲ್ಲೇ ಎಳೆಯುತ್ತಾಳೆ.

ರೊಟ್ಟಿ ಬಡಿಯುವುದು ಮರಳಿ ಬಂದಿಲ್ಲ. ಹೊಲ ಉಳಿದಿದೆ. ಮಗ ಈಗಲೂ ವಾಟ್ಸಾಪಿನಲ್ಲಿ ಸ್ಟೆಮ್ ಸೆಲ್ ವಿಡಿಯೊ ಕಳಿಸುತ್ತಾನೆ. ಮೊನ್ನೆ, ಮುಂದಿನ ಪ್ರಯೋಗ ಹೆಂಗಂತ್ರಿ ಅಂತ ಕೇಳಿದ. ಅಮೆರಿಕದ ಒಂದು ಕಂಪನಿಯದು ಸುಮಾರು 100 ಜನರ ಪ್ರಯೋಗ, ಅದರಲ್ಲಿ ಕೆಲವರಿಗೆ ಆಪರೇಷನ್ ಮಾಡಿದ ಹಾಗೆ ಮಾಡಿ ಕಣ ಹಾಕದೇ ಕಳಿಸುತ್ತಾರೆ, ನಂಬಿಕೆಯಿಂದ ಬಂದ ಗುಣ ಯಾವುದು ಕಣದಿಂದ ಬಂದದ್ದು ಯಾವುದು ತಿಳಿಯಬೇಕಲ್ಲ ಅಂದೆ.

"ಏನೂ ಹಾಕ್ದ ತಲಿ ಕೊರಿತಾರೇನ್ರಿ!"

ಒಳಗಿನಿಂದ ಅವ್ವ ಕೂಗಿದಳು: "ಗುಳಿಗಿ ಟೈಮ್ ಆತು, ಮಾತ ಸಾಕ, ನೀರ ತಗೊಂಬಾ."