ಪರೀಕ್ಷೆಗೆ ಮುಂಚೆ ಈ ಲೆಕ್ಕ ಹಾಕಿ (ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ೨೦೨೨ ಸ್ಕೀಮಿನವರಿಗೆ)

ಯಾವ ಸಬ್ಜೆಕ್ಟಿಗೆ ಹೆಚ್ಚು ಓದಬೇಕು ಅಂತ ಗೊಂದಲವಿದ್ದರೆ, ಬೇಕಾದ ಗ್ರೇಡಿನ ಕನಿಷ್ಠ ಅಂಕದಿಂದ ನಿಮ್ಮ ಸಿಐಇ (50ಕ್ಕೆ ಇರುವ ಆಂತರಿಕ ಮೌಲ್ಯಮಾಪನ) ಅಂಕ ಕಳೆದು 2ರಿಂದ ಗುಣಿಸಿ. 100ಕ್ಕೆ ನಡೆದು 50ಕ್ಕೆ ಇಳಿಸುವ ಸೆಮಿಸ್ಟರ್ ಕೊನೆಯ ಪರೀಕ್ಷೆ, ಅಂದರೆ ಎಸ್‌ಇಇನಲ್ಲಿ ತೆಗೆಯಬೇಕಾದದ್ದು ಅಷ್ಟು. ಸಿಐಇ 44 ಇದ್ದರೆ ಒಟ್ಟು 80 ಮುಟ್ಟಲು 72 ಸಾಕು, 90ಕ್ಕೆ 92 ಬೇಕು. ನಡುವೆ 75 ಬಂದರೂ 88 ಬಂದರೂ ಗ್ರೇಡ್ ಪಾಯಿಂಟ್ 9 ಅಷ್ಟೇ. ಅಲ್ಲಿ ರಾತ್ರಿಯಿಡೀ ಕೂತು ಏನೂ ಸಿಗಲ್ಲ. ಇನ್ನೊಂದರಲ್ಲಿ ಸಿಐಇ 33, ಎಸ್‌ಇಇ 68 ಬರಬಹುದು ಅನ್ನಿಸಿದರೆ ಒಟ್ಟು 67. ಎಸ್‌ಇಇನಲ್ಲಿ ಇನ್ನು 6 ಅಂಕ ಎಳೆದರೆ ಒಟ್ಟು 70, ಪಾಯಿಂಟ್ 7ರಿಂದ 8ಕ್ಕೆ. ಎಸ್‌ಜಿಪಿಎ (ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್) ಎಣಿಸುವುದು ಪಾಯಿಂಟನ್ನು ಆ ಪೇಪರಿನ ತೂಕವಾದ ಕ್ರೆಡಿಟ್‌ನಿಂದ ಗುಣಿಸಿ ಆದ್ದರಿಂದ, 20 ಕ್ರೆಡಿಟ್‌ಗಳ ಸೆಮಿಸ್ಟರಿನಲ್ಲಿ 3 ಕ್ರೆಡಿಟ್ ಪೇಪರಿನ ಈ ಒಂದು ಮೆಟ್ಟಿಲು 0.15 ಕೊಡುತ್ತದೆ, 1 ಕ್ರೆಡಿಟ್‌ನದು ಬರೀ 0.05. ಆದರೆ ಸಿಐಇ ಅಂತಿಮವಾಗಿರದಿದ್ದರೆ ಲೆಕ್ಕ ತಪ್ಪುತ್ತದೆ. ಗಡಿಯಲ್ಲೇ ನಿಲ್ಲಬೇಡಿ, ನಮ್ಮ ಅಂದಾಜು ಸಾಮಾನ್ಯವಾಗಿ ಧಾರಾಳ. ಐದಾರು ಅಂಕ ಜಾಸ್ತಿ ಇಟ್ಟುಕೊಳ್ಳಿ. ಪಾಸಾಗುವುದೇ ಅನುಮಾನ ಇರುವ ಪೇಪರಿಗೆ ಇದು ನಡೆಯಲ್ಲ: ಸಿಐಇ ಎಷ್ಟೇ ಇರಲಿ, ಎಸ್‌ಇಇನಲ್ಲಿ 35 ಬರಲೇಬೇಕು. ಮೊದಲು ಅದನ್ನು ಓದಿ ಮುಗಿಸಿ.